ಎತ್ತಬಾರದ ಹಲಗೆ

"ನಾಳೆ ಕಾದ ಕಬ್ಬಿಣ ಹಿಡಿಯೋದು ನನ್ನ ಕೈ, ನಿಮ್ಮದಲ್ಲ," ಎಂದ ಪಾದ್ರಿ ನಿಫೊಂಟ್. "ಆದ್ದರಿಂದ ಸಿಟ್ಟು ಮಾಡ್ಕೊಳ್ಳೋ ಹಕ್ಕೂ ನಂದೇ."

ಸ್ತಾನಿಲಾ ಸಿಟ್ಟು ಮಾಡಿಕೊಂಡಿರಲಿಲ್ಲ. ಪಾದ್ರಿಯನ್ನು ಕೂಡಿಹಾಕಿದ್ದ ಸ್ನಾನದ ಮನೆಯ ಬೆಂಚು ಸ್ತಾನಿಲಾನ ಮುದಿ ಮೊಣಕಾಲಿಗೆ ತೀರ ತಗ್ಗಾಗಿತ್ತು. ಮುಖ ಕಿವುಚಿದ್ದು ಅದಕ್ಕೆ. ತೊಡೆಯ ಮೇಲಿದ್ದ ತೊಗಲಿನ ಚೀಲದಲ್ಲಿ ಸತ್ತ ರಾಜ ಯಾರೊಮಿರ್ ತನ್ನ ಮಕ್ಕಳಿಗೆಂದು ಬರೆಸಿದ ಬುದ್ಧಿಮಾತಿನ ಪುಸ್ತಕವಿತ್ತು. ಅದರ ಕೊನೆಯ ಹಾಳೆಯನ್ನು ಯಾರೋ ಕತ್ತರಿಸಿಕೊಂಡು ಹೋಗಿದ್ದರು.

"ಕ್ಲೆನೊವ್ ಪಟ್ಟಣ ಯಾರಿಗೆ ಅನ್ನೋದು ಪುಸ್ತಕದ ಕೊನೆಯಲ್ಲಿದೆ, ನಲವತ್ತನೇ ದಿನ ಓದಿಸಿ" ಎಂದು ಹೇಳಿ ರಾಜ ಕಣ್ಣು ಮುಚ್ಚಿದ್ದ. ನಾಳೆಯೇ ನಲವತ್ತನೇ ದಿನ. ಜೇನು ಬೆರೆಸಿದ ಗೋಧಿಯ ಪ್ರಸಾದ ಉಂಡು, ಅಪ್ಪನ ಮಾತು ಕೇಳಿ, ಅಣ್ಣ ತಮ್ಮ ಇಬ್ಬರೂ ಒಂದೇ ಶಿಲುಬೆಗೆ ಮುತ್ತಿಟ್ಟು ಆಣೆ ಮಾಡಬೇಕು. ಹಾಳೆ ಇಲ್ಲದಿದ್ದರೆ ಮಾತಿಲ್ಲ, ಮಾತಿಲ್ಲದಿದ್ದರೆ ಆಣೆಯಿಲ್ಲ. ಹಿರಿಯ ವ್ಯಾಚ್ಕೊನ ಆಳುಗಳು ಊರಿನ ಮೇಲುಕೇರಿಯಲ್ಲಿ ಕತ್ತಿ ಮಸೆಯುತ್ತಿದ್ದರು, ಕಿರಿಯ ಇಂಗ್ವಾರನವರು ಹೊಳೆದಂಡೆಯಲ್ಲಿ. ಹಾಳೆ ಕದ್ದವನು ತಮ್ಮ ಎಂದು ಅಣ್ಣ, ಅಣ್ಣನೇ ಎಂದು ತಮ್ಮ. ಪುಸ್ತಕ ಬರೆದ ಪಾದ್ರಿಯನ್ನು ಹಿಡಿದು ಕೂಡಿಹಾಕಿ, ಕಾದ ಕಬ್ಬಿಣ ಹಿಡಿಸಿ ಸತ್ಯಪರೀಕ್ಷೆ ಮಾಡುವ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತ.

ಇಬ್ಬರನ್ನೂ ಮೊದಲ ಬಾರಿ ಕುದುರೆ ಹತ್ತಿಸಿದವನು ಸ್ತಾನಿಲಾ. ರಾಜಕುಮಾರರನ್ನು ತಾಯಿಯ ಮಡಿಲಿಂದ ಎತ್ತಿ ಹಿರಿಯ ಬೊಯಾರನೊಬ್ಬನ, ಅಂದರೆ ಸರದಾರನೊಬ್ಬನ, ಕೈಗೆ ಕೊಡುವುದು ಆ ನಾಡಿನ ಪದ್ಧತಿ. ಜ್ವರ ಬಂದಾಗ ಅವರ ತಲೆ ಅವನ ತೊಡೆಯ ಮೇಲಿತ್ತು. ನಾಳೆ ಆ ಹುಡುಗರು ಒಬ್ಬರ ಮೇಲೊಬ್ಬರು ಕತ್ತಿ ಎತ್ತಿದರೆ ತಾನು ಬದುಕಿದ್ದೇನು ಪ್ರಯೋಜನ ಎಂದು ಅವನಿಗೆ ಅನಿಸತೊಡಗಿತ್ತು.

"ಇನ್ನೊಂದ್ಸಲ ಹೇಳು ನಿಫೊಂಟ್. ಕೊನೇ ಹಾಳೇಲಿ ಏನು ಬರೆದೆ?"

"ಏನೂ ಬರೀಲಿಲ್ಲ! 'ಇಷ್ಟು ಸಾಕು ಮಕ್ಕಳೇ' ಅಂತ ರಾಜರು ಅಂದ್ರು, ಬರೆದು ಲೇಖನಿ ಒರೆಸಿದೆ. ಕೊನೇಲಿ ಖಾಲಿ ಜಾಗ ಇರಲಿ, ಪುಸ್ತಕ ನನ್ನ ಹಾಸಿಗೆ ಹತ್ರಾನೇ ಬಿಟ್ಟುಹೋಗು ಅಂದ್ರು. ಬಿಟ್ಟುಬಂದೆ."

"ಮತ್ತೆ ಅದರಲ್ಲಿ ಬರೆದವರು ಯಾರು?"

"ನಂಗೇನು ಗೊತ್ತು? ರಾಜರಿಗೆ ಚಮಚ ಹಿಡಿಯೋಕೂ ಕೈ ನಡುಗ್ತಿತ್ತು. ದೊಡ್ಡ ಪಾದ್ರಿಗಳಿಗೆ ಕಣ್ಣು ಕಾಣಲ್ಲ. ಪುಸ್ತಕದಲ್ಲಿ ಬರೆಯೋರು ಇನ್ಯಾರಿದಾರೆ ಈ ಊರಲ್ಲಿ? ರಾಜರು ಹೋದ ಒಂಬತ್ತನೇ ದಿನ ನಿಮ್ಮ ಮನೆ ಅಮ್ಮನೋರು ಪುಸ್ತಕಾನ ಬಟ್ಟೇಲಿ ಸುತ್ತಿ ಚರ್ಚಿಗೆ ತಂದುಕೊಟ್ರು. ಅವತ್ತಿಂದ ನನ್ನ ಪೆಟ್ಟಿಗೇಲಿತ್ತು, ಕೀಲಿ ನನ್ನ ಕತ್ತಲ್ಲಿತ್ತು. ತೆಗೆದು ನೋಡಿದ್ರೆ ಹಾಳೆ ಇಲ್ಲ. ನಾನೇ ಕಳ್ಳ ಆದ್ರೆ ಇಷ್ಟು ದಡ್ಡ ಕಳ್ಳ ಆಗ್ತಿದ್ನಾ?"

"ಆಗ್ತಿದ್ದೆ," ಎಂದ ಸ್ತಾನಿಲಾ. ಇಬ್ಬರೂ ನಕ್ಕರು. ನಕ್ಕಾದ ಮೇಲೆ ನಿಫೊಂಟ್ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಬೆರಳಿನ ತುದಿಯಲ್ಲಿ ಶಾಯಿಯ ಕಲೆ ಇನ್ನೂ ಹೋಗಿರಲಿಲ್ಲ.

ಅಷ್ಟರಲ್ಲಿ ಸ್ತಾನಿಲಾನ ಮನೆಯ ಅಡುಗೆಯವಳು ಒಂದು ಬುಟ್ಟಿಯನ್ನೂ ಬರ್ಚ್ ಮರದ ತೊಗಟೆಯ ಒಂದು ಸುರುಳಿಯನ್ನೂ ತಂದುಕೊಟ್ಟಳು. ಸ್ತಾನಿಲಾ ತೊಗಟೆಯನ್ನು ಬೆಳಕಿಗೆ ಹಿಡಿದು ಓದಿದ.

'ನೆಜ್ಕಾಳಿಂದ ಸ್ತಾನಿಲಾಗೆ. ಮೀನಿನ ಕಡುಬು ಮಾಡುತ್ತಿದ್ದೇನೆ, ಹೊತ್ತಿಗೆ ಸರಿಯಾಗಿ ಬನ್ನಿ. ಬುಟ್ಟಿಯಲ್ಲಿರುವುದು ಪಾದ್ರಿಗೆ. ನೀವು ಬಾಯಿ ಹಾಕಬೇಡಿ.'

ಮದುವೆಯಾದಾಗಿನಿಂದ ಅವನ ಹೆಂಡತಿ ಹೀಗೆ ತೊಗಟೆಯ ಮೇಲೆ ಗೀಚಿ ಗೀಚಿ ಅವನನ್ನು ಮನೆಗೆ ಕರೆಸಿಕೊಂಡಿದ್ದಳು. ಯುದ್ಧಕ್ಕೆ ಹೋದಾಗಲೂ ಚೀಟಿ ತಪ್ಪಿರಲಿಲ್ಲ. ಸಾಲಿನ ಕೊನೆಯ ಅಕ್ಷರಕ್ಕೆಲ್ಲ ಅವಳು ಒಂದು ಬಾಲ ಬಿಡುತ್ತಿದ್ದಳು. ಹಂದಿಮರಿಯ ಬಾಲ ಎಂದು ಅವನು ಆಡಿಕೊಂಡಷ್ಟೂ ಅದು ಉದ್ದವಾಗುತ್ತಿತ್ತು.

"ಅಮ್ಮನೋರು ದೇವರಂಥೋರು," ಎಂದ ನಿಫೊಂಟ್ ಬಾಯ್ತುಂಬ ಕಡುಬು ತುಂಬಿಕೊಂಡು. "ನೀವು ಹುಡುಕಿಕೊಡ್ತೀರಿ ಅಲ್ವಾ ಬೊಯಾರರೇ?"

ಸ್ತಾನಿಲಾ ಅವನ ಹೆಗಲು ತಟ್ಟಿ ಎದ್ದ.

ಅರಮನೆಯ ಮರದ ಮೆಟ್ಟಿಲ ಬುಡದಲ್ಲಿ ವ್ಯಾಚ್ಕೊನ ಕಾವಲುಗಾರನೊಬ್ಬ, ಮೇಲ್ತುದಿಯಲ್ಲಿ ಇಂಗ್ವಾರನವನೊಬ್ಬ. ಒಬ್ಬರ ಮುಖ ಒಬ್ಬರು ನೋಡಬಾರದೆಂದು ಇಬ್ಬರಿಗೂ ಅಪ್ಪಣೆಯಾಗಿತ್ತು. ನೋಡುತ್ತಿರಲಿಲ್ಲ, ನಿಜ. ಆದರೆ ನಡುಮೆಟ್ಟಿಲ ಮೇಲೆ ಹುರಿದ ಬೀಜ ತುಂಬಿದ ಟೋಪಿಯೊಂದಿತ್ತು. ಇಬ್ಬರ ಕೈಯೂ ಸರದಿಯಂತೆ ಅದರೊಳಗೆ ಹೋಗಿಬರುತ್ತಿತ್ತು.

"ನಿಮ್ಮ ಒಡೆಯರಿಗೂ ಇಷ್ಟು ಬುದ್ಧಿ ಇದ್ದಿದ್ರೆ," ಎಂದು ಗೊಣಗಿ ಸ್ತಾನಿಲಾ ತಾನೂ ಒಂದು ಹಿಡಿ ಬೀಜ ತೆಗೆದುಕೊಂಡು ಮೇಲೆ ಹತ್ತಿದ.

ಯಾರೊಮಿರ್ ತೀರಿಕೊಂಡ ಕೋಣೆ ಅದು. ಪೆಟ್ಟಿಗೆ, ಹಾಸಿಗೆ, ಗೋಡೆಯ ಸಂದು, ಒಲೆಯ ಬೂದಿ, ಎಲ್ಲವನ್ನೂ ಅವನು ಈಗಾಗಲೇ ಜಾಲಾಡಿಸಿದ್ದ. ಕಿಟಕಿಯ ಬಳಿ ಹೋಗಿ ಇನ್ನೊಮ್ಮೆ ಹುಡುಕಬೇಕಿತ್ತು. ಹೋಗುವಾಗ ಅಭ್ಯಾಸಬಲದಿಂದ ನೆಲದ ನಡುವಿನ ಮೂರು ಹಲಗೆಗಳನ್ನು ಸುತ್ತುಹಾಕಿಕೊಂಡು ಹೋದ. ಹೋದವನು ನಿಂತ.

ಕ್ಲೆನೊವ್‌ನಲ್ಲಿ ಹೆಣವನ್ನು ಬಾಗಿಲಿನಿಂದ ಒಯ್ಯುವುದಿಲ್ಲ. ನೆಲದ ಹಲಗೆ ಎಬ್ಬಿಸಿ, ಹಗ್ಗ ಕಟ್ಟಿ ಕೆಳಗಿಳಿಸಿ, ಜಾರುಬಂಡಿಯ ಮೇಲೆ ಮಲಗಿಸಿ, ಅದು ಬೇಸಿಗೆಯಾದರೂ ಸರಿ, ಎಳೆದುಕೊಂಡು ಹೋಗುತ್ತಾರೆ. ಹಿಂದೆಯೇ ಹಲಗೆ ಮುಚ್ಚಿ ಸಂದಿಗೆ ಪಾಚಿ ತುರುಕುತ್ತಾರೆ. ಹೋದವರಿಗೆ ಮರಳಿ ಬರುವ ದಾರಿ ತಿಳಿಯಬಾರದು. ನಲವತ್ತು ದಿನ ಆ ಹಲಗೆಯನ್ನು ಯಾರೂ ತುಳಿಯರು, ಎತ್ತುವ ಮಾತಂತೂ ದೂರ. ಹುಡುಕಲು ಬಂದ ಇಬ್ಬರ ಆಳುಗಳೂ ಅದನ್ನು ಕಂಡು ಎದೆಯ ಮೇಲೆ ಶಿಲುಬೆ ಗೀಚಿಕೊಂಡು ಪಕ್ಕಕ್ಕೆ ಸರಿದಿದ್ದರು. ಅವರ ಹಿಂದೆ ನಿಂತು ಅಪ್ಪಣೆ ಕೊಡುತ್ತಿದ್ದ ಸ್ತಾನಿಲಾನೂ ಸರಿದಿದ್ದ.

ಅವನು ಬಗ್ಗಿ ನೋಡಿದ. ಮೊದಲ ಎರಡು ಹಲಗೆಗಳ ಸಂದಿನ ಪಾಚಿ ಒಣಗಿ ಕಂದಾಗಿತ್ತು. ಮೂರನೆಯದರ ಸುತ್ತ ಹಸಿಹಸಿರು.

"ಅಯ್ಯೋ ಮುದಿಗೂಬೆ," ಎಂದು ಸ್ತಾನಿಲಾ ತನ್ನನ್ನು ತಾನೇ ಬೈದುಕೊಂಡ.

ಮೊಣಕಾಲೂರಿ, ಸೊಂಟದ ಚಾಕುವನ್ನು ಸಂದಿಗೆ ತೂರಿಸಿದ. ಎತ್ತುವ ಮುನ್ನ ಎದೆಯ ಮೇಲೆ ಶಿಲುಬೆ ಗೀಚಿಕೊಂಡ. ಯಾರೊಮಿರ್ ಅವನ ಬಾಲ್ಯದ ಗೆಳೆಯ. ಬದುಕಿದ್ದಾಗ ಅವನಿಗೆ ಒಂದು ದಿನವೂ ಹೆದರಿದವನಲ್ಲ, ಸತ್ತ ಮೇಲೆ ಹೆದರುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಹಲಗೆ ಸಲೀಸಾಗಿ ಎದ್ದಿತು. ಕೆಳಗಿನ ಅಡ್ಡತೊಲೆಯ ಮೇಲೆ ಮರದ ಬಟ್ಟಲೊಂದಿತ್ತು. ಅದರಲ್ಲಿ ಜೇನು ಹಾಕಿದ ಗೋಧಿ, ಇವತ್ತಿನದೇ. ಪಕ್ಕದಲ್ಲಿ ರಾಜನ ಹಳೆಯ ಉಣ್ಣೆಯ ಕೈಚೀಲ ಒಂದು, ಅದರೊಳಗೆ ಏನೋ ಮಡಚಿಟ್ಟದ್ದು.

"ಮಾಮ. ಕೈ ತೆಗೀರಿ."

ಬಾಗಿಲಲ್ಲಿ ಫ್ರೋಸ್ಯಾ ನಿಂತಿದ್ದಳು. ರಾಜನ ಒಬ್ಬಳೇ ಮಗಳು, ಕೊನೆಯವಳು. ತಾಯಿ ಸತ್ತಾಗ ತೊಟ್ಟಿಲಲ್ಲಿದ್ದವಳು. ಅವಳ ಮುಷ್ಟಿಯಲ್ಲಿ ಹಸಿರು ಪಾಚಿಯ ಉಂಡೆಯಿತ್ತು.

"ಬಾಗಿಲು ಹಾಕಿಕೊಂಡು ಒಳಗೆ ಬಾ ಪುಟ್ಟಿ," ಎಂದ ಸ್ತಾನಿಲಾ.

"ಮೊದಲು ಕೈ ತೆಗೀರಿ. ಅದು ನಂದು."

"ನಿಂದಾ? ಊರಿಗೂರೇ ಹತ್ತಿ ಉರಿಯೋ ಹಾಗಿದೆ. ಪಾದ್ರಿ ನಾಳೆ ಕಾದ ಕಬ್ಬಿಣ ಹಿಡೀಬೇಕು. ನಿಮ್ಮಣ್ಣಂದಿರು ಒಬ್ಬರಿಗೊಬ್ಬರು ಮುಖ ಕೊಡ್ತಿಲ್ಲ. ನೀನು ಇದನ್ನ ಹಲಗೆ ಕೆಳಗೆ ಬಚ್ಚಿಟ್ಟು ನಂದು ಅಂತೀಯಾ?"

"ಹೌದು. ಅದರಲ್ಲಿ ನನ್ನ ಹೆಸರಿದೆ."

"ಯಾವಾಗ ಕತ್ತರಿಸಿದೆ?"

"ಅಪ್ಪನ್ನ ಇಳಿಸ್ತಿದ್ರಲ್ಲ, ಆಗ." ಅವಳ ಗಲ್ಲ ಅದುರಿತು. "ನೀವೆಲ್ಲ ಹಗ್ಗ ಹಿಡ್ಕೊಂಡು 'ನಿಧಾನ, ನಿಧಾನ' ಅಂತ ಕೂಗ್ತಿದ್ರಿ. ನಾನು ಈ ಮೂಲೇಲಿ ಕೂತಿದ್ದೆ. ಯಾರೂ ನನ್ನ ಕಡೆ ನೋಡಲಿಲ್ಲ. ಪುಸ್ತಕ ಹಾಸಿಗೆ ಮೇಲೇ ಇತ್ತು. ಕಸೂತಿ ಚಾಕು ಸೊಂಟದಲ್ಲಿತ್ತು."

ಸ್ತಾನಿಲಾ ನೆನಪಿಸಿಕೊಳ್ಳಲು ನೋಡಿದ. ಹಗ್ಗ ನೆನಪಿತ್ತು, ಜಾರುಬಂಡಿ ನೆನಪಿತ್ತು, ವ್ಯಾಚ್ಕೊ ಅಳು ನುಂಗುತ್ತಿದ್ದದ್ದು, ಇಂಗ್ವಾರ್ ನುಂಗಲಾರದೆ ಗೋಡೆಗೆ ತಿರುಗಿ ನಿಂತದ್ದು ನೆನಪಿತ್ತು. ಹುಡುಗಿ ಎಲ್ಲಿದ್ದಳು ಎನ್ನುವುದು ಮಾತ್ರ ನೆನಪಾಗಲಿಲ್ಲ.

"ಇದನ್ನ ಎತ್ತೋಕೆ ನಿಂಗೆ ಭಯ ಆಗ್ಲಿಲ್ವಾ ತಾಯಿ?"

"ಯಾರ ಭಯ? ನಮ್ಮಪ್ಪಂದಾ?" ಅವಳು ಅವನನ್ನೇ ದುರುಗುಟ್ಟಿ ನೋಡಿದಳು. "ಅಪ್ಪ ವಾಪಸ್ಸು ಬಂದುಬಿಟ್ರೆ ಅಂತ ನಿಮಗೆಲ್ಲ ಭಯ. ಬರಲಿ ಅಂತಾನೇ ನಾನು ದಿನಾ ಹಲಗೆ ಸರಿಸಿ ಇಡ್ತೀನಿ. ಊಟ ಇಡ್ತೀನಿ. ಯಾರಾದ್ರೂ ಬರೋ ಸದ್ದಾದ್ರೆ ಮುಚ್ಚಿ ಪಾಚಿ ತುರುಕ್ತೀನಿ. ಇವತ್ತಿಗೂ ಬಂದಿಲ್ಲ ಮಾಮ. ನಾಳೆ ಕಳೆದ್ರೆ ಇನ್ನು ಬರೋದೇ ಇಲ್ವಂತೆ."

ಸ್ತಾನಿಲಾ ನೆಲದ ಮೇಲೆಯೇ ಕೂತು ಪಕ್ಕದ ಜಾಗ ತಟ್ಟಿ ಕರೆದ. ಅವಳು ಬಂದು ಕೂತಳು. ಮಗುವಾಗಿದ್ದಾಗಿನಂತೆ ಅವನ ತೋಳಿಗೆ ಮುಖ ಒರಗಿಸಿ ಅತ್ತಳು. ಅವನ ಅಂಗಿ ಒದ್ದೆಯಾಯಿತು. ಅವನೂ ಅತ್ತ, ಅದನ್ನು ಮೂಗು ಒರೆಸಿಕೊಂಡು ಮರೆಮಾಚಿದ.

"ಪಾದ್ರಿಯ ಕೈ ಸುಟ್ಟಿದ್ರೆ ಏನು ಮಾಡ್ತಿದ್ದೆ?"

"ನಾಳೆ ಬೆಳಿಗ್ಗೆ ಹೇಳೋಳಿದ್ದೆ. ದೇವರಾಣೆ. ಇವತ್ತು ಒಂದು ದಿನ ನನ್ನ ಹತ್ರಾನೇ ಇರಲಿ ಅನ್ನಿಸ್ತು. ಅಷ್ಟು ದೊಡ್ಡ ಪುಸ್ತಕದಲ್ಲಿ ಎಲ್ಲಾ 'ಮಕ್ಕಳೇ, ಮಕ್ಕಳೇ' ಅಂತ ಅಣ್ಣಂದಿರಿಗೇ ಹೇಳಿದಾರೆ. ಯುದ್ಧ ಹೀಗೆ ಮಾಡಿ, ತೀರ್ಪು ಹಾಗೆ ಕೊಡಿ. ನಂಗೆ ಅಂತ ಇದೊಂದೇ ಹಾಳೆ. ಅದನ್ನ ಆ ಗಡ್ಡದ ಸೈನಿಕರ ಮುಂದೆ ಗಟ್ಟಿಯಾಗಿ ಓದಿ ನಗಬೇಕಾ?"

"ನಾನು ಓದಬಹುದಾ?"

ಅವಳು ಸ್ವಲ್ಪ ಯೋಚಿಸಿ ಕೈಚೀಲದಿಂದ ತೆಗೆದುಕೊಟ್ಟಳು.

'ಫ್ರೋಸ್ಯಾ, ಹಸಿದಾಗ ತೀರ್ಪು ಕೊಡಬೇಡಿ, ತಮ್ಮನ ತಪ್ಪನ್ನು ಆಳಿನ ಬಾಯಿಂದ ಕೇಳಬೇಡಿ ಎಂದು ನಿನ್ನಣ್ಣಂದಿರಿಗೆ ಬರೆಸಿದೆ. ನಿನಗೇನು ಬರೆಸಲಿ? ನೀನು ನಕ್ಕರೆ ಕೆಳಗಿನ ಲಾಯದ ಕುದುರೆಗಳು ಕಿವಿ ನಿಮಿರಿಸುತ್ತವೆ. ಯಾವ ಮನೆಗೆ ಹೋದರೂ ಹಾಗೆಯೇ ನಗು. ಮೆಲ್ಲಗೆ ನಗು ಎನ್ನುವ ಮನೆಯಲ್ಲಿ ಹೆಚ್ಚು ದಿನ ಇರಬೇಡ. ಹೆಣ್ಣುಮಗಳನ್ನು ಕುದುರೆ ಹತ್ತಿಸಬಾರದೆಂದು ಎಲ್ಲರೂ ಹೇಳಿದರು. ಹತ್ತು. ಸ್ತಾನಿಲಾನನ್ನು ಕೇಳು. ಗೊಣಗುತ್ತಾನೆ, ಆದರೆ ಕಲಿಸುತ್ತಾನೆ.'

"ಗೊಣಗ್ತೀನಂತಾ?" ಎಂದ ಸ್ತಾನಿಲಾ.

"ಗೊಣಗ್ತೀರಿ."

"ನಾಳೆ ಮುಗೀಲಿ. ನಾಡಿದ್ದು ಆ ಬೂದು ಕುದುರೆ ಹತ್ತಿಸ್ತೀನಿ. ಬಿದ್ರೆ ಅಳಬಾರದು." ಎಂದವನು ಹಾಳೆಯ ಬೆನ್ನು ತಿರುಗಿಸಿ ನೋಡಿದ. ಖಾಲಿ. ಅವನ ಹುಬ್ಬು ಗಂಟಿಕ್ಕಿತು. "ಫ್ರೋಸ್ಯಾ, ಕ್ಲೆನೊವ್ ವಿಷಯ ಇದರಲ್ಲಿ ಎಲ್ಲಿದೆ?"

"ಇದರಲ್ಲೆಲ್ಲಿರತ್ತೆ? ಅದು ಇದರ ಮುಂದಿನ ಹಾಳೇಲಿರಬೇಕು."

"ಮುಂದಿನ ಹಾಳೆ?"

"ಹೂಂ. ನಂದಾದ್ಮೇಲೆ ಇನ್ನೊಂದಿತ್ತು, ತುಂಬ ಬರೆದಿತ್ತು. ಅದು ಅಣ್ಣಂದಿರದು ಅಂತ ನಾನು ಓದಲಿಲ್ಲ, ಮುಟ್ಟಲೂ ಇಲ್ಲ. ಯಾಕೆ ಮಾಮ? ಒಂದೇ ಹಾಳೆ ಕಾಣೆ ಅಂತಿದ್ರಲ್ಲ, ಅದು ಪುಸ್ತಕದಲ್ಲೇ ಇದೆ ಅಲ್ವಾ?"

ಸ್ತಾನಿಲಾ ಚೀಲದಿಂದ ಪುಸ್ತಕ ಎಳೆದು ಮೊಣಕಾಲ ಮೇಲೆ ಬಿಡಿಸಿದ. ಹೊಲಿಗೆಯ ಬಳಿ ಕತ್ತರಿಸಿ ಉಳಿದ ಅಂಚನ್ನು ಎಲ್ಲರೂ ನೋಡಿದ್ದರು. ಈಗ ಅದನ್ನು ಉಗುರಿನಿಂದ ಕೆರೆದ. ಅಂಚು ಎರಡಾಗಿ ಬಿಡಿಸಿಕೊಂಡಿತು. ಒಂದು ಹರಕುಮುರುಕು, ಕಸೂತಿ ಚಾಕಿನದು. ಇನ್ನೊಂದು ಅಳುಕಿಲ್ಲದ ಕೈ ನೀಟಾಗಿ ಕತ್ತರಿಸಿದ್ದು. ಎರಡನ್ನೂ ಸೇರಿಸಿ ಮೇಣದಿಂದ ಅಂಟಿಸಿದ್ದರು.

ಯಾರೋ ಎರಡನೇ ಹಾಳೆ ತೆಗೆದವರು, ಮೊದಲನೆಯದು ಹೋಗಿರುವುದನ್ನೂ ಕಂಡಿದ್ದರು. ಕಂಡು, ಹುಡುಗಿಯ ಗುಟ್ಟನ್ನೂ ಸೇರಿಸಿ ಮುಚ್ಚಿದ್ದರು.

ಫ್ರೋಸ್ಯಾಳ ಹಾಳೆಯನ್ನು ಮಡಚಿಕೊಡಲು ಹೋದವನು ಹಾಗೇ ಕಣ್ಣು ನೆಟ್ಟು ಕೂತ. ಇದು ನಿಫೊಂಟನ ಗುಂಡು ಅಕ್ಷರವಲ್ಲ. ಸಾಲಿನ ಕೊನೆಯ ಅಕ್ಷರಗಳಿಗೆಲ್ಲ ಒಂದೊಂದು ಬಾಲವಿತ್ತು. ಹಂದಿಮರಿಯ ಬಾಲ.

"ಏನಾಯ್ತು ಮಾಮ? ಮುಖ ಯಾಕೆ ಹಾಗಾಯ್ತು?"

"ಏನಿಲ್ಲ ಪುಟ್ಟಿ. ಹೊಟ್ಟೆ ಹಸೀತಿದೆ. ಮನೆಗೆ ಹೋಗ್ತೀನಿ."

ದಾರಿಯುದ್ದಕ್ಕೂ ಅವನು ತನ್ನ ಶೋಧನೆಯನ್ನು ಮತ್ತೆ ಮೊದಲಿಂದ ತಿರುವಿದ. ಪುಸ್ತಕ ಮುಟ್ಟಿದವರನ್ನೆಲ್ಲ ಕೂರಿಸಿ ಕೇಳಿದ್ದ. ಪಾದ್ರಿ, ಕಾವಲುಗಾರರು, ಒಲೆ ಹಚ್ಚುವವಳು, ಯಾರನ್ನೂ ಬಿಟ್ಟಿರಲಿಲ್ಲ. ಅರಮನೆಯಿಂದ ಚರ್ಚಿನವರೆಗೆ ಪುಸ್ತಕವನ್ನು ಎದೆಗವಚಿಕೊಂಡು ನಡೆದವಳನ್ನು ಮಾತ್ರ ಒಂದು ಮಾತೂ ಕೇಳಿರಲಿಲ್ಲ. ದಿನಾ ರಾತ್ರಿ ಅವಳ ಮುಂದೆಯೇ ಕೂತು, ಅವಳು ಬಡಿಸಿದ್ದನ್ನು ಉಣ್ಣುತ್ತ, ಯಾರಿರಬಹುದು ಯಾರಿರಬಹುದು ಎಂದು ಅವಳನ್ನೇ ಕೇಳಿದ್ದ.

ನೆಜ್ಕಾ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು. ಮೇಜಿನ ಮೇಲೆ ನಾಲ್ಕು ಬಟ್ಟಲುಗಳಿದ್ದವು. ಸ್ತಾನಿಲಾ ಬೆಳಗಿನ ತೊಗಟೆಯ ಚೀಟಿಯನ್ನು ತೆಗೆದು ಮೇಜಿನ ಮೇಲೆ ಇಟ್ಟ. ಅವಳು ತಿರುಗಿ ಚೀಟಿಯನ್ನೂ ಅವನ ಮುಖವನ್ನೂ ನೋಡಿದಳು.

"ಫ್ರೋಸ್ಯಾಳ ಹಾಳೆ ಸಿಕ್ತು ಅನ್ನಿ."

"ಸಿಕ್ತು."

"ಮಗಳಿಗೆ ಬರೆಸೋ ಮಾತು, ಹೆಣ್ಣಿನ ಕೈಲೇ ಬರೆಸಬೇಕು ಅಂತ ರಾಜರು ಕರೆಸಿದ್ರು. ನೀವು ಸುಂಕ ವಸೂಲಿಗೆ ಹೋಗಿದ್ರಿ ಆವತ್ತು." ಅವಳು ಕೈ ಒರೆಸಿಕೊಂಡಳು. "ಬಗಲಲ್ಲಿ ಮಗು ಇಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ. ಇನ್ನೂ ಎಷ್ಟು ದಿನ ಹುಡುಕ್ತಾರೋ ನೋಡೋಣ ಅಂತಿದ್ದೆ."

"ತಮಾಷೆ ಸಾಕು ನೆಜ್ಕಾ. ಇನ್ನೊಂದು ಹಾಳೆ?"

"ಸುಟ್ಟುಹಾಕ್ಬೇಕು ಅಂತ ದಿನಾ ಒಲೆ ಮುಂದೆ ನಿಲ್ತೀನಿ. ಕೈ ಬರಲ್ಲ, ಸತ್ತವರ ಮಾತು." ಅವಳು ಹಿಟ್ಟು ನಾದುವ ಮರಿಗೆಯನ್ನು ಎತ್ತಿ ಅದರಡಿಯಿಂದ ಹಾಳೆ ತೆಗೆದಳು. "ಓದೋಕೆ ಮುಂಚೆ ಕೂತ್ಕೊಳ್ಳಿ."

ಅವನು ನಿಂತೇ ಓದಿದ.

'ಕ್ಲೆನೊವ್ ಯಾರಿಗೆಂದು ನಾನು ಹೇಳಲಾರೆ. ಹೆತ್ತವನ ಕಣ್ಣು ಕುರುಡು. ಇಬ್ಬರನ್ನೂ ಸಾಕಿದವನು ಸ್ತಾನಿಲಾ, ಇಬ್ಬರ ಹುಳುಕೂ ಅವನಿಗೆ ಗೊತ್ತು, ಇಬ್ಬರ ಒಳ್ಳೆಯತನವೂ ಗೊತ್ತು. ನಲವತ್ತನೇ ದಿನ ಅವನು ಯಾರ ಕೈ ಹಿಡಿದು ಶಿಲುಬೆಯ ಮುಂದೆ ತಂದು ನಿಲ್ಲಿಸುತ್ತಾನೋ ಕ್ಲೆನೊವ್ ಅವನದು. ಇನ್ನೊಬ್ಬನು ಸ್ತಾನಿಲಾನ ಮೇಲೆ ಸಿಟ್ಟಾಗಬಾರದು. ಇದು ನನ್ನ ಆಜ್ಞೆ.'

"ಸಿಟ್ಟಾಗಬಾರದಂತೆ!" ಸ್ತಾನಿಲಾ ನೆಲಕ್ಕೆ ಕೂತುಬಿಟ್ಟ. "ಏನು ಮಾಡಿಟ್ಟು ಹೋದೆಯೋ ಯಾರೊಮಿರ್!"

"ಬರೀವಾಗ್ಲೇ ಹೇಳ್ದೆ, ಬೇಡ ಅಂತ. ಕೇಳಲಿಲ್ಲ." ನೆಜ್ಕಾಳ ಕಣ್ಣು ತುಂಬಿತ್ತು. "ನಮ್ಮ ಹೊಟ್ಟೇಲಿ ಒಂದೂ ಹುಟ್ಟಲಿಲ್ಲ ರೀ. ಈ ಇಬ್ರೇ ನಮ್ಮವು. ಒಬ್ಬನ ಕೈ ಹಿಡಿದ್ರೆ ಇನ್ನೊಬ್ಬನ ಕೈ ಬಿಟ್ಟ ಹಾಗೆ. ನಿಮಗೆ ಆ ಗತಿ ಬರಬಾರದು ಅಂತ ಕತ್ತರಿಸಿದೆ. ಪಾದ್ರಿಗೆ ಬಂದು ಸುತ್ಕೊಳ್ಳತ್ತೆ ಅಂತ ನಂಗೇನು ಗೊತ್ತಿತ್ತು? ನಾಳೆ ಎಲ್ಲರ ಮುಂದೆ ನಾನೇ ಕಳ್ಳಿ ಅಂತ ಒಪ್ಕೋತೀನಿ. ಅದಕ್ಕೆ ಮುಂಚೆ ಇವತ್ತೊಂದು ಹೊತ್ತು ಇಬ್ರನ್ನೂ ಒಂದೇ ಮೇಜಿಗೆ ಕೂರಿಸಿ ಬಡಿಸ್ಬೇಕು ಅನ್ನಿಸ್ತು."

ನಾಲ್ಕು ಬಟ್ಟಲುಗಳ ಅರ್ಥ ಸ್ತಾನಿಲಾನಿಗೆ ಆಗ ಹೊಳೆಯಿತು. "ಅವರಿಗೂ ಚೀಟಿ ಕಳಿಸಿದೀಯಾ?"

"ಇಬ್ರಿಗೂ. ಇನ್ನೊಬ್ಬ ಬರ್ತಾನೆ ಅಂತ ಯಾರಿಗೂ ಹೇಳಿಲ್ಲ."

ಅಂಗಳದಲ್ಲಿ ನಾಯಿ ಬೊಗಳಿ ಆಮೇಲೆ ಪ್ರೀತಿಯಿಂದ ಕುಂಯ್‌ಗುಟ್ಟಿತು. ಬಾಗಿಲು ತೆರೆಯಿತು. ವ್ಯಾಚ್ಕೊ ತಲೆ ಬಗ್ಗಿಸಿ ಒಳಗೆ ಬಂದ, ಈ ಮನೆಯ ರೂಢಿಯಂತೆ ಕತ್ತಿ ಬಿಚ್ಚಿ ಹೊಸ್ತಿಲ ಬಳಿ ಒರಗಿಸಿದ. "ಅತ್ತೆ, ಕಡುಬಿನ ವಾಸನೆ ಬೀದಿ ತನಕ," ಎನ್ನುತ್ತಿದ್ದವನು ಹಿಂದೆ ಹೆಜ್ಜೆ ಸಪ್ಪಳ ಕೇಳಿ ತಿರುಗಿದ. ಇಂಗ್ವಾರ್ ನಿಂತಿದ್ದ. ಅವನ ಕೈಯಲ್ಲೂ ತೊಗಟೆಯ ಸುರುಳಿ.

ಇಬ್ಬರ ಮುಖವೂ ಬಿಗಿಯಿತು. ವ್ಯಾಚ್ಕೊನ ಕೈ ಕತ್ತಿಯ ಕಡೆ ಹೋಯಿತು. "ಇಂಗ್ವಾರ್! ಕಾಲೊರೆಸ್ಕೊಂಡು ಬಾ," ಎಂದು ನೆಜ್ಕಾ ಗದರಿದಳು. ಅವನು ಸುಮ್ಮನೆ ಕಾಲೊರೆಸಿದ, ತನ್ನ ಕತ್ತಿಯನ್ನೂ ಬಿಚ್ಚಿ ಅಣ್ಣನ ಕತ್ತಿಯ ಪಕ್ಕದಲ್ಲೇ ಒರಗಿಸಿದ. ವ್ಯಾಚ್ಕೊನ ಕೈ ಹಿಂದಕ್ಕೆ ಬಂತು.

ಆಮೇಲೆ ಅವನ ಕಣ್ಣು ಸ್ತಾನಿಲಾನ ಕೈಗೆ ಬಿತ್ತು.

"ಮಾಮ, ಅದು ಅಪ್ಪನ ಪುಸ್ತಕದ ಹಾಳೆ ಅಲ್ವಾ?"

"ಓದಿ ಮಾಮ," ಎಂದ ಇಂಗ್ವಾರ್ ಅಣ್ಣನ ಹೆಗಲ ಮೇಲಿಂದ. "ಏನಿದ್ರೂ ಪರವಾಗಿಲ್ಲ. ನೀವು ಓದಿದ್ರೆ ನಾನು ನಂಬ್ತೀನಿ."

"ನಾನೂ," ಎಂದ ವ್ಯಾಚ್ಕೊ.

ಎಷ್ಟೋ ದಿನಗಳ ಮೇಲೆ ಅಣ್ಣ ತಮ್ಮ ಒಂದು ಮಾತಿಗೆ ಒಪ್ಪಿದ್ದರು. ಇಬ್ಬರೂ ಒಟ್ಟಿಗೆ ಮುಂದೆ ಬಂದರು. ನೆಲಕ್ಕೆ ಕೂತುಬಿಟ್ಟಿದ್ದ ಮುದುಕನನ್ನು ಎಬ್ಬಿಸಲು, ಚಿಕ್ಕಂದಿನಲ್ಲಿ ಅವನು ತಮ್ಮನ್ನು ಎಬ್ಬಿಸುತ್ತಿದ್ದಂತೆಯೇ, ಇಬ್ಬರೂ ಒಂದೇ ಸಲಕ್ಕೆ ಕೈ ಚಾಚಿದರು.

ಸ್ತಾನಿಲಾನ ಒಂದು ಕೈಯಲ್ಲಿ ಹಾಳೆಯಿತ್ತು. ಖಾಲಿಯಿದ್ದದ್ದು ಇನ್ನೊಂದೇ ಕೈ.